ಕಬಡ್ಡಿ ಆಡುವ ಮಕ್ಕಳಿಂದ ಒಂದು ರಗ್ಬಿ ತಂಡ ಕಟ್ಟುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಮಾಲೂರು ಹತ್ತಿರದ ಹೈಸ್ಕೂಲಿನಲ್ಲಿ ಪಿಇ ಟೀಚರ್ ಆಗಿದ್ದೀರಿ, ಕಬಡ್ಡಿ ಆಡುವ ಹುಡುಗರನ್ನು ಸೇರಿಸಿ ರಗ್ಬಿ ಸೆವೆನ್ಸ್ (ತಂಡಕ್ಕೆ ಏಳೇ ಜನರ ರಗ್ಬಿ) ಶುರು ಮಾಡಿದ್ದೀರಿ, ಮೂವರು ತುಂಬಾ ಗಟ್ಟಿ ಆಟಗಾರರಿದ್ದಾರೆ, ಆದರೂ ಪ್ರತಿ ಪಂದ್ಯ ಕೈತಪ್ಪುತ್ತಿದೆ. ಏನು ಮಾಡಬೇಕು?

ನಾನು ಬಂಗಾರಪೇಟೆ ಕಡೆ ಇದೇ ವಯಸ್ಸಿನ ಮಕ್ಕಳಿಗೆ ರಗ್ಬಿ ಹೇಳಿಕೊಡುತ್ತೇನೆ. ನಮ್ಮಲ್ಲೂ ಎಲ್ಲರೂ ಕಬಡ್ಡಿಯಿಂದಲೇ ಬಂದವರು. ಹಾಗಾಗಿ ನಿಮ್ಮ ಮೈದಾನದಲ್ಲಿ ಏನಾಗುತ್ತಿದೆ ಅಂತ ಸುಮಾರಾಗಿ ಊಹಿಸಬಲ್ಲೆ. ಗಟ್ಟಿ ಹುಡುಗ ಚೆಂಡು ಹಿಡಿದು ನುಗ್ಗುತ್ತಾನೆ. ಇಬ್ಬರನ್ನು ತಳ್ಳಿಕೊಂಡು ಹೋಗುತ್ತಾನೆ. ಮೂರನೆಯವನು ಕೆಡವುತ್ತಾನೆ. ಆಗ ನಿಮ್ಮ ಉಳಿದ ಆರು ಜನ ಹತ್ತು ಮೀಟರ್ ಹಿಂದೆ ನಿಂತು ನೋಡುತ್ತಿರುತ್ತಾರೆ. ಅಲ್ವಾ?

ಇದು ಸೋಮಾರಿತನ ಅಲ್ಲ, ಕಬಡ್ಡಿಯ ಅಭ್ಯಾಸ. ಕಬಡ್ಡಿಯಲ್ಲಿ ರೈಡರ್ ಒಬ್ಬನೇ ಹೋಗುತ್ತಾನೆ. ಸಿಕ್ಕಿಬಿದ್ದರೆ ಆ ರೈಡ್ ಅಲ್ಲಿಗೆ ಮುಗಿಯಿತು. ಉಳಿದವರಿಗೆ ಆ ಹೊತ್ತಿನಲ್ಲಿ ಕೆಲಸವೇ ಇಲ್ಲ. ರಗ್ಬಿಯಲ್ಲಿ ಆಟಗಾರ ಕೆಳಗೆ ಬಿದ್ದಾಗಲೇ ಆಟ ಶುರು. ಬಿದ್ದವನು ತಕ್ಷಣ ಚೆಂಡು ಬಿಡಲೇಬೇಕು, ಅದು ನಿಯಮ. ಅವನ ಕಡೆಯವನು ಒಬ್ಬ ಅಷ್ಟರಲ್ಲಿ ಅಲ್ಲಿಗೆ ಬರದಿದ್ದರೆ ಚೆಂಡು ಎದುರಾಳಿಯ ಪಾಲು. ನಿಮ್ಮ ಮೂವರು ಎಷ್ಟೇ ಗಟ್ಟಿ ಇದ್ದರೂ ಒಬ್ಬೊಬ್ಬರೇ ಹೋಗಿ ಬಿದ್ದರೆ ಚೆಂಡನ್ನು ದಾನ ಮಾಡಿ ಬಂದ ಹಾಗೆ.

ಅದಕ್ಕೇ ನಾನು ಹೇಳುವುದು: ಚೆಂಡು ಹಿಡಿದವನನ್ನು ಬಿಟ್ಟು, ಅವನ ಹಿಂದೆ ಬರುವ ಎರಡನೆಯವನನ್ನು ತಯಾರು ಮಾಡಿ. ನನ್ನ ಕೋಚಿಂಗ್‌ನ ಮುಕ್ಕಾಲು ಪಾಲು ಅಷ್ಟೇ.

ನಮ್ಮಲ್ಲಿ ಒಬ್ಬ ಹುಡುಗನಿದ್ದಾನೆ. ಸಣ್ಣ ಮೈ, ಓಟವೂ ಸಾಧಾರಣ. ಆದರೆ ಯಾರು ಬಿದ್ದರೂ ಮೊದಲು ತಲುಪುವವನು ಅವನೇ. ಅವನು ಮಾಡುವುದನ್ನು ಹತ್ತಿರದಿಂದ ನೋಡಬೇಕು. ಪಕ್ಕದಿಂದ ನುಗ್ಗುವುದಿಲ್ಲ, ನಮ್ಮ ಕಡೆಯ ಹಿಂಭಾಗದಿಂದಲೇ ಬರುತ್ತಾನೆ. ಪಕ್ಕದಿಂದ ಬಂದರೆ ಪೆನಾಲ್ಟಿ. ಬಿದ್ದವನ ಮೇಲೆ ಎರಡೂ ಕಡೆ ಕಾಲಿಟ್ಟು ನಿಲ್ಲುತ್ತಾನೆ. ಸೊಂಟ ಇಳಿಸಿ, ಬೆನ್ನು ನೇರ ಮಾಡಿ, ತಲೆ ಎತ್ತಿ ಎದುರಾಳಿಯ ಎದೆ ನೋಡುತ್ತಾನೆ. ಬಿದ್ದವನು ಅಷ್ಟರಲ್ಲಿ ಮೈ ತಿರುಗಿಸಿ, ಎರಡೂ ಕೈ ಚಾಚಿ, ಚೆಂಡನ್ನು ನಮ್ಮ ಕಡೆ ಇಟ್ಟಿರುತ್ತಾನೆ. ಮೂರನೆಯವನು ಎತ್ತಿ ಪಾಸ್ ಮಾಡುತ್ತಾನೆ. ಇಷ್ಟೂ ಎರಡು ಮೂರು ಸೆಕೆಂಡಿನ ಕೆಲಸ. ಆ ಹುಡುಗ ಟ್ರೈ ಹಾಕುವುದು, ಅಂದರೆ ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಊರಿ ಪಾಯಿಂಟ್ ಗಳಿಸುವುದು, ಅಪರೂಪ. ತಂಡದಲ್ಲಿ ಮೊದಲ ಹೆಸರು ಬರೆಯುವುದು ಮಾತ್ರ ಅವನದೇ.

ಇದನ್ನು ಮಕ್ಕಳ ತಲೆಗೆ ಹತ್ತಿಸಲು ಒಂದು ಆಟ ಇದೆ. ಟ್ಯಾಕಲ್ (ಹಿಡಿದು ಕೆಡವುವುದು) ಬೇಡ, ಸುಮ್ನೆ ಮುಟ್ಟಿದರೆ ಸಾಕು. ಮುಟ್ಟಿಸಿಕೊಂಡವನು ಅಲ್ಲೇ ಮಲಗಿ ಚೆಂಡನ್ನು ಹಿಂದಕ್ಕೆ ಇಡಬೇಕು. ನೀವು ಜೋರಾಗಿ "ಒಂದು, ಎರಡು" ಅನ್ನಿ. ಅಷ್ಟರಲ್ಲಿ ಜೊತೆಯವನು ಮೇಲೆ ಬಂದು ನಿಲ್ಲದಿದ್ದರೆ ಚೆಂಡು ಎದುರಾಳಿಗೆ. ಮೊದಲ ವಾರ ಬರೀ ಗೊಂದಲ ಇರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಆಮೇಲೆ ಮಕ್ಕಳು ಚೆಂಡಿನ ಹಿಂದೆ ಓಡುವುದನ್ನು ಬಿಟ್ಟು ಚೆಂಡು ಹಿಡಿದವನ ಹಿಂದೆ ಓಡಲು ಶುರು ಮಾಡುತ್ತಾರೆ. ಇದರ ಜೊತೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಯಾರು ಟ್ರೈ ಹಾಕಿದರು ಅಂತ ಬರೆಯಬೇಡಿ, ಬಿದ್ದವನ ಹತ್ತಿರ ಯಾರು ಮೊದಲು ಹೋದರು ಅಂತ ಬರೆಯಿರಿ. ಶನಿವಾರ ಎಲ್ಲರ ಮುಂದೆ ಓದಿ. ಟೀಚರ್ ಯಾವುದನ್ನು ಲೆಕ್ಕ ಹಾಕುತ್ತಾರೋ ಮಕ್ಕಳು ಅದನ್ನೇ ಮಾಡುತ್ತಾರೆ.

ಒಂದು ಎಚ್ಚರ. ಎಲ್ಲರೂ ಬಿದ್ದವನ ಹತ್ತಿರ ಮುಗಿಬೀಳುವುದೂ ತಪ್ಪು. ಸೆವೆನ್ಸ್ ಆಡುವುದು ಹದಿನೈದು ಜನರ ಆಟದಷ್ಟೇ ದೊಡ್ಡ ಮೈದಾನದಲ್ಲಿ, ಅಗಲ 70 ಮೀಟರ್ ತನಕ ಇರುತ್ತದೆ. ಮೂವರು ಒಂದೇ ಕಡೆ ಸಿಕ್ಕಿಕೊಂಡರೆ ಉಳಿದ ಜಾಗ ತುಂಬಲು ಜನ ಇರುವುದಿಲ್ಲ. ಒಬ್ಬ ಸಾಕು, ಹೆಚ್ಚೆಂದರೆ ಇಬ್ಬರು. ಉಳಿದವರು ಅಗಲಕ್ಕೆ ಹರಡಿ ಕೂಗುತ್ತಿರಬೇಕು. ನಮ್ಮ ಕೋಲಾರದ ಮಕ್ಕಳು ಗಾಬರಿಯಾದರೆ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಕೂಗುತ್ತಾರೆ. ನಾಲ್ಕೈದು ಚಿಕ್ಕ ಕೂಗುಗಳನ್ನು ಅವರೇ ಕೂತು ಗೊತ್ತು ಮಾಡಿಕೊಳ್ಳಲಿ. ಎಡ, ಬಲ, ಇದ್ದೀನಿ, ನಿಲ್ಲು. ಅಷ್ಟೇ.

ನಿಮ್ಮ ಆ ಮೂವರನ್ನು ಅಭ್ಯಾಸದಲ್ಲಿ ಒಂದೇ ಕಡೆ ಆಡಿಸಬೇಡಿ, ಬೇರೆ ಬೇರೆ ಗುಂಪಿಗೆ ಹಾಕಿ. ಪಕ್ಕದಲ್ಲಿ ಇನ್ನೊಬ್ಬ ಗಟ್ಟಿಗ ಇಲ್ಲದಾಗ ಮಾತ್ರ ಅವರು ಪಾಸ್ ಮಾಡಲು ಕಲಿಯುತ್ತಾರೆ. ಇಬ್ಬರಿಗೆ ಎದುರಾಗಿ ಒಬ್ಬ, ಮೂವರಿಗೆ ಎದುರಾಗಿ ಇಬ್ಬರು, ಹೀಗೆ ಸಣ್ಣ ಚೌಕದಲ್ಲಿ ದಿನಾ ಹತ್ತು ನಿಮಿಷ ಆಡಿಸಿ. ಎದುರಿನವನನ್ನು ತನ್ನ ಕಡೆ ಎಳೆದುಕೊಂಡು, ಅವನು ಬಂದ ಮೇಲೆ ಪಾಸ್ ಬಿಡಬೇಕು. ಮೊದಲೇ ಬಿಟ್ಟರೆ ಏನೂ ಲಾಭ ಇಲ್ಲ. ಮುಂದಕ್ಕೆ ಎಸೆಯುವಂತಿಲ್ಲ ಅನ್ನುವುದು ಬೇಗ ರೂಢಿಯಾಗುತ್ತದೆ, ಚಿಂತೆ ಬೇಡ.

ಡಿಫೆನ್ಸ್ ವಿಚಾರಕ್ಕೆ ಬಂದರೆ ಕಬಡ್ಡಿ ನಿಮಗೆ ವರ. ಕೈ ಹಿಡಿದು ಚೈನ್ ಮಾಡಿಕೊಂಡು ಒಟ್ಟಿಗೆ ಸರಿಯುವುದು ಈ ಮಕ್ಕಳಿಗೆ ರಕ್ತದಲ್ಲೇ ಇದೆ. ರಗ್ಬಿಯ ಸಾಲೂ ಹಾಗೇ ನಡೆಯಬೇಕು. ಮೊದಮೊದಲು ನಿಜವಾಗಿಯೂ ಕೈ ಹಿಡಿಸಿಯೇ ಆರು ಜನರನ್ನು ಮುಂದಕ್ಕೆ ನಡೆಸಿ. ಆಮೇಲೆ ಕೈ ಬಿಡಿಸಿ, ಅದೇ ಅಂತರ ಉಳಿಸಿಕೊಂಡು ಓಡಿಸಿ. ಏಳನೆಯವನು ಹಿಂದೆ ಕಾವಲು. ಒಬ್ಬ ಮಾತ್ರ ಮುಂದೆ ನುಗ್ಗಿದರೆ ಅವನ ಪಕ್ಕದಲ್ಲಿ ಬಾಗಿಲು ತೆರೆದ ಹಾಗಾಗುತ್ತದೆ. ಇದನ್ನು ಕಬಡ್ಡಿ ಮಕ್ಕಳಿಗೆ ವಿವರಿಸಬೇಕಾಗಿಯೇ ಇಲ್ಲ.

ಆದರೆ ಟ್ಯಾಕಲ್ ಮಾತ್ರ ಹೊಸದಾಗಿಯೇ ಕಲಿಸಿ. ಇಲ್ಲಿ ಕಬಡ್ಡಿಯ ರೂಢಿ ಅಪಾಯ. ಆಂಕಲ್ ಹೋಲ್ಡ್‌ಗೆ (ರೈಡರ್‌ನ ಕಾಲಿನ ಹರಡು ಹಿಡಿಯಲು) ಮಕ್ಕಳು ತಲೆ ಮುಂದೆ ಮಾಡಿ ಕಾಲಿಗೆ ಹಾರುತ್ತಾರೆ. ರಗ್ಬಿಯಲ್ಲಿ ಎದುರಿನವನು ಪೂರ್ತಿ ವೇಗದಲ್ಲಿ ಬರುತ್ತಿರುತ್ತಾನೆ, ಅವನ ಮೊಣಕಾಲು ನೇರ ತಲೆಗೆ ಬಡಿಯುತ್ತದೆ. ತಲೆ ಯಾವಾಗಲೂ ಓಡುವವನ ಪಕ್ಕಕ್ಕೆ, ಹಿಂಭಾಗದ ಕಡೆಗೇ ಇರಬೇಕು. ಕಣ್ಣು ತೆರೆದಿರಬೇಕು. ಭುಜ ತಾಗಿದ ಕೂಡಲೇ ಎರಡೂ ಕೈಯಲ್ಲಿ ಸುತ್ತಿ ಹಿಡಿಯಬೇಕು. ಬೀಳಿಸಿದ ಮೇಲೆ ಬಿಟ್ಟು ಉರುಳಬೇಕು. ಭುಜಕ್ಕಿಂತ ಮೇಲೆ ಹಿಡಿದರೆ ಪೆನಾಲ್ಟಿ. ಹಳದಿ ಕಾರ್ಡ್ ಬಂತೆಂದರೆ ಎರಡು ನಿಮಿಷ ಆರೇ ಜನ. ಪಂದ್ಯದ ಒಂದು ಅರ್ಧ ಏಳೇ ನಿಮಿಷ, ಅದರಲ್ಲಿ ಎರಡು ನಿಮಿಷ ತುಂಬಾ ದೊಡ್ಡದು.

ಮೊದಲು ಮಂಡಿಯೂರಿ, ಆಮೇಲೆ ಕುಕ್ಕರಗಾಲಲ್ಲಿ, ಆಮೇಲೆ ನಡೆಯುತ್ತಾ, ಕೊನೆಗೆ ಓಡುತ್ತಾ ಕಲಿಸಿ. ಅವಸರ ಬೇಡ. ಬೇಸಿಗೆಯಲ್ಲಿ ನಮ್ಮ ಕಡೆಯ ಕೆಂಪು ನೆಲ ಕಲ್ಲಿನಂತೆ ಆಗಿರುತ್ತದೆ. ಶಾಲೆಯ ಮೈದಾನದಲ್ಲಿ ಟ್ಯಾಕಲ್ ಅಭ್ಯಾಸ ಮಾಡಿಸಬೇಡಿ. ಊರಿನ ಗರಡಿ ಮನೆಯ ಮಣ್ಣು ಸಿಕ್ಕರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಇಲ್ಲದಿದ್ದರೆ ಉತ್ತು ಬಿಟ್ಟ ಹೊಲ ಕೇಳಿ, ಕಲ್ಲು ಆರಿಸಿ ಬಳಸಿ.

ತಲೆಗೆ ಪೆಟ್ಟು ಬಿದ್ದ ಅನುಮಾನ ಇದ್ದರೆ, ಬರೀ ಅನುಮಾನ ಇದ್ದರೂ, ಮಗುವನ್ನು ಆಚೆ ಕರೆದುಕೊಳ್ಳಿ. ಆ ದಿನ ಮತ್ತೆ ಆಡಿಸಬೇಡಿ. "ಸರ್, ಏನೂ ಆಗಿಲ್ಲ" ಅಂತ ಅವನು ಹೇಳುತ್ತಾನೆ. ಆ ಮಾತಿಗೆ ಬೆಲೆ ಕೊಡಬೇಡಿ, ಡಾಕ್ಟರಿಗೆ ತೋರಿಸಿ. ನಮ್ಮಂಥ ಶಾಲಾ ತಂಡಗಳಿಗೆ ವರ್ಲ್ಡ್ ರಗ್ಬಿ (ಈ ಆಟದ ಅಂತರರಾಷ್ಟ್ರೀಯ ಸಂಸ್ಥೆ) ಹೇಳುವುದು ಕನಿಷ್ಠ 21 ದಿನ ಪಂದ್ಯ ಬೇಡ ಅಂತ. ಫೈನಲ್ ಇದ್ದರೂ ಇದರಲ್ಲಿ ರಾಜಿ ಇಲ್ಲ.

ಫಿಟ್‌ನೆಸ್‌ಗಾಗಿ ಮೈದಾನ ಸುತ್ತಿಸುವುದನ್ನು ಕಡಿಮೆ ಮಾಡಿ. ಸೆವೆನ್ಸ್ ಅಂದರೆ ಏಳು ಏಳು ನಿಮಿಷದ ಎರಡು ಅರ್ಧ, ನಡುವೆ ಎರಡು ನಿಮಿಷ ಬಿಡುವು. ಜೋರಾಗಿ ಓಡು, ಬೀಳು, ಏಳು, ಮತ್ತೆ ಓಡು. ಅಭ್ಯಾಸವೂ ಹಾಗೇ ಇರಲಿ, ಚಿಕ್ಕದಾಗಿ, ಚುರುಕಾಗಿ. ಸಮಯವನ್ನು ಮನೆಯವರ ಜೊತೆ ಮಾತಾಡಿ ಗೊತ್ತು ಮಾಡಿ. ನಮ್ಮ ಮಕ್ಕಳಲ್ಲಿ ಅರ್ಧ ಜನ ಬೆಳಿಗ್ಗೆ, ಸಂಜೆ ಡೈರಿಗೆ ಹಾಲು ಹಾಕಬೇಕು. ಟೊಮೆಟೊ ಕೊಯ್ಲು ಬಂತೆಂದರೆ ತೋಟಕ್ಕೂ ಹೋಗಬೇಕು. ಬಾರದವನನ್ನು ಬೈದರೆ ಒಳ್ಳೆಯ ಆಟಗಾರ ಕೈಬಿಟ್ಟುಹೋಗುತ್ತಾನೆ. ನಾವು ಹಾಲಿನ ಹೊತ್ತು ಮುಗಿದ ಮೇಲೆ ಸೇರುತ್ತೇವೆ. ಹಾಜರಿಯ ತಂಟೆಯೇ ಇಲ್ಲ.

ಅಪ್ಪ ಅಮ್ಮ "ಇದರಿಂದ ಏನು ಸಿಗುತ್ತದೆ?" ಅಂತ ಕೇಳುವುದು ಸಹಜ. ರಗ್ಬಿ ಸೆವೆನ್ಸ್ 2016ರ ರಿಯೊದಿಂದ ಒಲಿಂಪಿಕ್ಸ್‌ನಲ್ಲಿದೆ, 2022ರ ಗುಜರಾತ್ ರಾಷ್ಟ್ರೀಯ ಕ್ರೀಡಾಕೂಟದಲ್ಲೂ ಇತ್ತು ಅಂತ ತಿಳಿಸಿ. 2025ರಲ್ಲಿ ಶುರುವಾದ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರಿನ ಹೆಸರಿನ ತಂಡವೂ ಇದೆ, ಅದರ ವಿಡಿಯೊ ಮಕ್ಕಳಿಗೆ ತೋರಿಸಿ. ಹೆಣ್ಣುಮಕ್ಕಳನ್ನೂ ದಯವಿಟ್ಟು ಸೇರಿಸಿಕೊಳ್ಳಿ. ಭಾರತದ ಮಹಿಳಾ ತಂಡ ಹದಿನೈದು ಜನರ ಆಟಕ್ಕೆ ಇಳಿದದ್ದೇ 2018ರಲ್ಲಿ. ಮರುವರ್ಷವೇ ಸಿಂಗಪುರವನ್ನು 21–19ರಿಂದ ಸೋಲಿಸಿತು. ಆ ತಂಡದ ಸ್ವೀಟಿ ಕುಮಾರಿ ಬಿಹಾರದ ಹಳ್ಳಿಯವರು, ಮೊದಲು ಓಟಗಾರ್ತಿ. ನಮ್ಮ ಹಳ್ಳಿಗಳಲ್ಲೂ ಅಂಥ ಹುಡುಗಿಯರು ಎಷ್ಟಿಲ್ಲ?

ಸಾಮಾನಿನ ವಿಚಾರ: 14 ವರ್ಷದವರೆಗಿನವರಿಗೆ 4ನೇ ಸೈಜಿನ ಚೆಂಡು, ಅದಕ್ಕಿಂತ ದೊಡ್ಡವರಿಗೆ 5. ಮೌತ್‌ಗಾರ್ಡ್ ಎಲ್ಲರಿಗೂ ಬೇಕು, ಬಿಸಿನೀರಿನಲ್ಲಿ ಅದ್ದಿ ಕಚ್ಚಿ ಹೊಂದಿಸಿಕೊಳ್ಳುವಂಥದ್ದು ಸಾಕು. ವರ್ಲ್ಡ್ ರಗ್ಬಿಯ ವೆಬ್‌ಸೈಟಿನಲ್ಲಿ ನಿಯಮ ಮತ್ತು ಸುರಕ್ಷತೆಯ ಕೋರ್ಸ್‌ಗಳು ಉಚಿತವಾಗಿವೆ. ನೀವು ಮೊದಲು ಅವನ್ನು ಮುಗಿಸಿ.

ಮುಂದಿನ ಪಂದ್ಯಕ್ಕೆ ಎರಡು ಕೆಲಸ ಮಾಡಿ ನೋಡಿ. ಸೆವೆನ್ಸ್‌ನಲ್ಲಿ ಪಾಯಿಂಟ್ ಗಳಿಸಿದ ತಂಡವೇ ಕಿಕ್‌ಆಫ್ ಮಾಡುತ್ತದೆ, ಅಂದರೆ ಚೆಂಡು ಒದ್ದು ಆಟ ಮತ್ತೆ ಶುರು ಮಾಡುತ್ತದೆ. ಹಾಗಾಗಿ ಟ್ರೈ ಹಾಕಿದ ಕೂಡಲೇ ಚೆಂಡನ್ನು ವಾಪಸ್ ಕಿತ್ತುಕೊಳ್ಳುವ ಅವಕಾಶವೂ ನಿಮಗೇ. ಕಿಕ್ಕನ್ನು ಎತ್ತರಕ್ಕೆ, ಆದರೆ ಮುಂದಿನ 10 ಮೀಟರ್ ಗೆರೆ ದಾಟುವಷ್ಟೇ ದೂರಕ್ಕೆ ಹೊಡೆದು, ನಿಮ್ಮ ಎತ್ತರದ ಹುಡುಗನನ್ನು ಅದರ ಕೆಳಗೆ ಓಡಿಸುವ ಅಭ್ಯಾಸ ಮಾಡಿಸಿ. ಇನ್ನೊಂದು, ಬೆಂಚಿನಲ್ಲಿರುವ ಐವರನ್ನೂ ಮೊದಲ ಪಂದ್ಯದಲ್ಲೇ ಇಳಿಸಿ. ಒಂದೇ ದಿನ ಮೂರು ಪಂದ್ಯ ಬಂದಾಗ ಮೂರನೆಯದನ್ನು ಆಡುವವರು ಅವರೇ.