ನಮ್ಮದೇ ರಕ್ತದಿಂದ ಅಂಡಾಶಯ ಮತ್ತೆ ಚುರುಕಾಗುವುದೆ?

ಪ್ರಶ್ನೆ: ನನಗೆ 36 ವರ್ಷ. ಹತ್ತು ತಿಂಗಳಿಂದ ಮುಟ್ಟು ನಿಂತಿದೆ. ಅಂಡಾಶಯವನ್ನು ಪ್ರಚೋದಿಸುವ ಹಾರ್ಮೋನು ಎಫ್‌ಎಸ್‌ಎಚ್ ಎರಡು ಸಲವೂ 60ರ ಮೇಲಿದೆ, ಉಳಿದಿರುವ ಅಂಡಾಣುಗಳ ಅಂದಾಜು ಕೊಡುವ ಎಎಂಎಚ್ ತೀರಾ ಕಡಿಮೆ. ನಮ್ಮದೇ ರಕ್ತದ ಕಣಗಳನ್ನು ಅಂಡಾಶಯಕ್ಕೆ ಚುಚ್ಚಿದರೆ ಮತ್ತೆ ಅಂಡಾಣು ಬೆಳೆಯುತ್ತವೆ ಎಂದು ಬೆಂಗಳೂರಿನ ಕ್ಲಿನಿಕ್ ಒಂದರಲ್ಲಿ ಹೇಳಿದರು. ಅಲ್ಲಿ ಮಾಡಿಸಿಕೊಂಡ ಒಬ್ಬರಿಗೆ ಮುಟ್ಟು ಮರಳಿತಂತೆ. ರೇಷ್ಮೆಗೂಡು ಮಾರಿದ ಹಣ ಕೈಯಲ್ಲಿದೆ, ಅತ್ತೆಯವರೂ ಮಾಡಿಸಿಕೋ ಎನ್ನುತ್ತಾರೆ. ಏನು ಮಾಡಲಿ ಡಾಕ್ಟ್ರೇ?
– ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ಆ ಹಣವನ್ನು ಸದ್ಯಕ್ಕೆ ಇದಕ್ಕೆ ಸುರಿಯಬೇಡಿ. 40 ವರ್ಷಕ್ಕೆ ಮೊದಲೇ ಅಂಡಾಶಯ ಸೊರಗುವ ಈ ಸ್ಥಿತಿಯಲ್ಲಿ ಅದು ಒಂದೇ ಏಟಿಗೆ ನಿಂತುಹೋಗುವುದಿಲ್ಲ; ತಿಂಗಳುಗಟ್ಟಲೆ ಸುಮ್ಮನಿದ್ದು, ಯಾವ ಚಿಕಿತ್ಸೆಯೂ ಇಲ್ಲದೆ ನಡುವೆ ಒಮ್ಮೆ ಎಚ್ಚೆತ್ತು ಮುಟ್ಟು ತರುವುದುಂಟು, ನೂರರಲ್ಲಿ ಐದರಿಂದ ಹತ್ತು ಮಹಿಳೆಯರಿಗೆ ಗರ್ಭವೂ ತಾನಾಗಿ ನಿಲ್ಲುತ್ತದೆ. ಆದ್ದರಿಂದ ಚುಚ್ಚಿಸಿಕೊಂಡ ಬಳಿಕ ಒಬ್ಬರಿಗೆ ಮುಟ್ಟು ಬಂದ ಮಾತ್ರಕ್ಕೆ ಅದು ಚುಚ್ಚಿದ್ದರ ಫಲವೆಂದು ಹೇಳಲಾಗದು. ಚುಚ್ಚಿಸಿಕೊಳ್ಳದ ಅಂಥದ್ದೇ ಮಹಿಳೆಯರೊಂದಿಗೆ ಹೋಲಿಸಿದಾಗಷ್ಟೇ ನಿಜ ತಿಳಿಯುತ್ತದೆ.

ನಿಮಗೆ ಹೇಳಿರುವುದು ಬಹುಶಃ ಪಿಆರ್‌ಪಿ (ಪ್ಲೇಟ್‌ಲೆಟ್ ದಟ್ಟವಾಗಿರುವ ಪ್ಲಾಸ್ಮಾ). ತೋಳಿನಿಂದ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಕಿರುಬಿಲ್ಲೆಗಳು (ಪ್ಲೇಟ್‌ಲೆಟ್) ದಟ್ಟವಾಗಿರುವ ಹಳದಿ ದ್ರವವನ್ನು ಬೇರ್ಪಡಿಸುತ್ತಾರೆ. ಯೋನಿಯೊಳಗಿಟ್ಟ ಸ್ಕ್ಯಾನ್ ನೋಡಿಕೊಂಡು ಉದ್ದನೆಯ ಸೂಜಿಯಿಂದ ಅದನ್ನು ಅಂಡಾಶಯಕ್ಕೆ ಬಿಡುತ್ತಾರೆ. ಕಿರುಬಿಲ್ಲೆಗಳಿಗೆ ಕೋಶಕೇಂದ್ರವೇ ಇಲ್ಲ, ಅವು ಅಂಡಾಣುವಾಗಲಾರವು. ಅವು ಸ್ರವಿಸುವ ಬೆಳವಣಿಗೆಯ ಅಂಶಗಳು ಉಳಿದಿರುವ ಅಂಡಕೋಶಗಳನ್ನು (ಅಂಡಾಣು ಬೆಳೆಯುವ ಚೀಲಗಳನ್ನು) ಎಚ್ಚರಿಸಬಹುದೆಂಬುದಷ್ಟೇ ಊಹೆ. ಅಂಡಾಣು ಕಡಿಮೆಯಿರುವವರನ್ನು ಎರಡು ಗುಂಪು ಮಾಡಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಿಆರ್‌ಪಿಯಿಂದ ಅಂಡಾಣುಗಳ ಸಂಖ್ಯೆ ಹೆಚ್ಚಲಿಲ್ಲ. ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಘವೂ 2023ರಲ್ಲಿ ಇದನ್ನು ಶಿಫಾರಸು ಮಾಡಲಾಗದೆಂದಿತು.

ಅಂಡಾಶಯ ಚುರುಕಾಗಿಸಲು ಕೆಲವರು ಹೇಳುವ ಕಾಂಡಕೋಶದ (ಸ್ಟೆಮ್ ಸೆಲ್) ವಿಧಾನವೇ ಬೇರೆ. ಚುಚ್ಚುಮದ್ದಿನಿಂದ ಮೂಳೆ ಮಜ್ಜೆಯ ಕಾಂಡಕೋಶಗಳನ್ನು ರಕ್ತಕ್ಕಿಳಿಸಿ, ಸಂಗ್ರಹಿಸಿ, ರಕ್ತನಾಳದ ಮೂಲಕ ಅಂಡಾಶಯಕ್ಕೆ ಕಳಿಸುವ ಈ ಪ್ರಯೋಗವನ್ನು ಸ್ಪೇನಿನ ವೆಲೆನ್ಸಿಯಾದ ವೈದ್ಯರು 2018ರಲ್ಲಿ ವರದಿ ಮಾಡಿದರು. ಕೆಲವರಲ್ಲಿ ಅಂಡಕೋಶಗಳು ಹೆಚ್ಚಿದವು, ಆದರೆ ವರ್ಣತಂತು ಸರಿಯಿರುವ ಭ್ರೂಣಗಳು ಸಿಕ್ಕಿದ್ದು ಕಡಿಮೆ. ನಮ್ಮ ದೇಶದಲ್ಲಿ ರಕ್ತರೋಗಗಳಿಗೆ ಮಾಡುವ ಮಜ್ಜೆ ಕಸಿಯಂಥ ಮಾನ್ಯ ಬಳಕೆಗಳನ್ನು ಬಿಟ್ಟರೆ, ಅನುಮತಿ ಪಡೆದ ಪ್ರಯೋಗದ ಹೊರಗೆ ಕಾಂಡಕೋಶಗಳನ್ನು ಬಳಸಬಾರದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಹೇಳುತ್ತದೆ. ‘ಪ್ರಯೋಗ’ ಎನ್ನುತ್ತಲೇ ಹಣ ಕೇಳುವವರಿಂದ ದೂರವಿರಿ. ದೇಶದ ವೈದ್ಯಕೀಯ ಪ್ರಯೋಗಗಳನ್ನು ದಾಖಲಿಸುವ ಸಿಟಿಆರ್‌ಐನ ನೋಂದಣಿ ಸಂಖ್ಯೆಯನ್ನು ಧಾರಾಳವಾಗಿ ಕೇಳಿ. ನಮ್ಮದೇ ರಕ್ತವೆಂದರೆ ದೇಹ ತಿರಸ್ಕರಿಸುವುದಿಲ್ಲ ಎಂದಷ್ಟೇ ಅರ್ಥ, ಸೂಜಿಯಿಂದ ರಕ್ತಸ್ರಾವ, ಸೋಂಕು ಆಗಬಹುದು.

ಈಗ ಬೇಕಾದದ್ದು ಥೈರಾಯ್ಡ್, ವರ್ಣತಂತು ಮತ್ತು ಫ್ರಾಜೈಲ್ ಎಕ್ಸ್ (ಒಂದು ಆನುವಂಶಿಕ ದೋಷ) ಪರೀಕ್ಷೆ, ಮೂಳೆ ಸಾಂದ್ರತೆಯ ಸ್ಕ್ಯಾನ್. ಅಡ್ಡಿಯಿಲ್ಲದಿದ್ದರೆ ಸುಮಾರು 50ರ ವಯಸ್ಸಿನವರೆಗೆ ಈಸ್ಟ್ರೋಜನ್–ಪ್ರೊಜೆಸ್ಟರಾನ್ ಚಿಕಿತ್ಸೆ. ಅದು ಮೂಳೆ, ಹೃದಯ ಕಾಯುತ್ತದೆ, ಗರ್ಭ ನಿಲ್ಲುವುದನ್ನು ತಡೆಯುವುದಿಲ್ಲ. ಮಗುವಿಗೆ ದಾನಿ ಅಂಡಾಣುವಿನ ದಾರಿ ಹೆಚ್ಚು ಭರವಸೆಯದು. ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನದ 2021ರ ಕಾಯ್ದೆ ಮಹಿಳೆಗೆ 50 ವರ್ಷದವರೆಗೆ ಅದಕ್ಕೆ ಅವಕಾಶ ಕೊಡುತ್ತದೆ. ಪತಿಯವರೊಂದಿಗೆ ನಿಧಾನವಾಗಿ ಮಾತಾಡಿ ತೀರ್ಮಾನಿಸಿ.