ಥೈರಾಯ್ಡ್ ಸ್ಕ್ಯಾನ್ ವರದಿಯಲ್ಲಿ ‘ಗಂಟು’ ಎಂದಿದ್ದರೆ?

ಪ್ರಶ್ನೆ: ತಂಗಿಗೆ 34 ವರ್ಷ. ಕತ್ತು ದಪ್ಪಗಾಗಿದೆ ಎಂದು ಮಡಿಕೇರಿಯಲ್ಲಿ ಅಲ್ಟ್ರಾಸೌಂಡ್ ಮಾಡಿಸಿದೆವು. ‘ಗ್ರಂಥಿ ಹೈಪೋಎಕೋಯಿಕ್, ತುಂಬ ಸಣ್ಣ ಗಂಟುಗಳು, ಪಕ್ಕದಲ್ಲಿ ಚಿಕ್ಕ ಲಿಂಫ್ ನೋಡ್‌ಗಳು, ಥೈರಾಯ್ಡೈಟಿಸ್ ಇರಬಹುದು’ ಎಂದು ವರದಿ. ಟಿಎಸ್‌ಎಚ್ (ಥೈರಾಯ್ಡ್‌ಗೆ ಕೆಲಸ ಮಾಡೆಂದು ಹೇಳುವ ಹಾರ್ಮೋನ್) 3.1. ಮೈಸೂರಿಗೆ ಹೋಗಿ ಸೂಜಿ ಪರೀಕ್ಷೆ ಮಾಡಿಸಬೇಕೇ? ಮಾತ್ರೆ ಶುರು ಮಾಡಬೇಕೇ?
– ಓದುಗರು, ಸೋಮವಾರಪೇಟೆ

ಉತ್ತರ: ನೀವು ಬರೆದಿರುವಷ್ಟಕ್ಕೆ ಎರಡಕ್ಕೂ ಅವಸರವಿಲ್ಲ. ಮೊದಲು ಆಂಟಿ-ಟಿಪಿಒ (ಥೈರಾಯ್ಡ್ ವಿರುದ್ಧ ದೇಹವೇ ತಯಾರಿಸುವ ಪ್ರತಿಕಾಯ) ಮತ್ತು ಫ್ರೀ ಟಿ4 (ಥೈರಾಯ್ಡ್ ಹಾರ್ಮೋನ್) ರಕ್ತಪರೀಕ್ಷೆ ಮಾಡಿಸಿ.

ಆರೋಗ್ಯವಂತ ಥೈರಾಯ್ಡ್ ಪರದೆಯ ಮೇಲೆ ಕತ್ತಿನ ಸ್ನಾಯುಗಳಿಗಿಂತ ಬೆಳ್ಳಗೆ, ಒಂದೇ ಸಮನಾಗಿ ಕಾಣುತ್ತದೆ. ದೇಹದ ರಕ್ಷಣಾಕಣಗಳೇ ಗ್ರಂಥಿಯೊಳಗೆ ನುಗ್ಗಿ ಕೂತಾಗ (ಥೈರಾಯ್ಡೈಟಿಸ್ ಎಂದರೆ ಗ್ರಂಥಿಯ ಉರಿಯೂತ; ಅದರ ಒಂದು ಬಗೆಯಾದ ಹಾಶಿಮೊಟೊ ಕಾಯಿಲೆಯಲ್ಲಿ ಆಗುವುದು ಇದೇ) ಅದು ಕಪ್ಪಾಗುತ್ತದೆ (ವರದಿಯ ‘ಹೈಪೋಎಕೋಯಿಕ್’ ಎಂದರೆ ಇದೇ); 1ರಿಂದ 6 ಮಿ.ಮೀ.ನ ಕಪ್ಪು ಚುಕ್ಕೆಗಳು, ನಡುವೆ ನಾರಿನ ಬಿಳಿ ಗೆರೆಗಳು ಮೂಡುತ್ತವೆ. ವರದಿಯ ‘ಗಂಟುಗಳು’ ಬಹುಪಾಲು ಈ ಚುಕ್ಕೆಗಳೇ. ಪಕ್ಕದ ಲಿಂಫ್ ನೋಡ್‌ಗಳು (ರಕ್ಷಣಾಕಣಗಳು ಸೇರುವ ಸಣ್ಣ ಗ್ರಂಥಿಗಳು) ಊದುವುದೂ ಈ ಕಾಯಿಲೆಯಲ್ಲಿ ಸಾಮಾನ್ಯ. ಸೂಜಿ ಬೇಕಾಗುವುದು ಬೇರೆಯಾಗಿ ಎದ್ದು ಕಾಣುವ ಗಂಟಿಗೆ: ಅಂಚು ಒರಟಾಗಿರುವುದು, ಅಗಲಕ್ಕಿಂತ ಆಳ ಹೆಚ್ಚಿರುವುದು, ಒಳಗೆ ಸುಣ್ಣದ ಸಣ್ಣ ಕಣಗಳಿರುವುದು – ಇವುಗಳಲ್ಲಿ ಒಂದಾದರೂ ಇದ್ದು, ಗಾತ್ರ 1 ಸೆಂ.ಮೀ. ದಾಟಿದ್ದರೆ. ನೋಡ್‌ನಲ್ಲಿ ಅಂಥ ಕಣ ಅಥವಾ ನೀರುಗುಳ್ಳೆ ಕಂಡರೂ ಬಿಡಬಾರದು. ವರದಿಯಲ್ಲಿ ಟೈ-ರಾಡ್ಸ್ ಅಂಕ (ಗಂಟು ಎಷ್ಟು ಅನುಮಾನಾಸ್ಪದ ಎಂದು ಹೇಳುವ ಅಂಕ) ಬರೆದಿಲ್ಲವಾದರೆ ಕೇಳಿ ಬರೆಸಿಕೊಳ್ಳಿ. ಗ್ರಂಥಿಯ ಎರಡು ಭಾಗಗಳ ಅಳತೆಯೂ ಇರಲಿ (ಸೆಂ.ಮೀ.ನಲ್ಲಿ ಉದ್ದ × ಅಗಲ × ಆಳ × 0.52, ಉತ್ತರ ಮಿ.ಲೀ.ನಲ್ಲಿ), ಅವೆರಡನ್ನೂ ಜೋಡಿಸುವ ನಡುವಿನ ಇಸ್ತಮಸ್‌ನ ದಪ್ಪವೂ ಇರಲಿ, ಇದು 5 ಮಿ.ಮೀ. ಮೀರಿದ್ದರೆ ಗ್ರಂಥಿ ಊದಿದೆ ಎಂದರ್ಥ. ಮುಂದಿನ ಸಲ ಹೋಲಿಸಿ ನೋಡಲು ಇವೇ ಆಧಾರ.

ಸ್ಕ್ಯಾನ್ ತೋರಿಸುವುದು ಗ್ರಂಥಿಯ ರೂಪವನ್ನು. ಅದು ಎಷ್ಟು ಕೆಲಸ ಮಾಡುತ್ತಿದೆ ಎಂದು ಹೇಳುವುದು ರಕ್ತ. ನಿಮ್ಮ ತಂಗಿಗಿರುವಂತೆ ಟಿಎಸ್‌ಎಚ್ ಸರಿಯಿರುವಾಗ ಸ್ಕ್ಯಾನ್ ನೋಡಿ ಮಾತ್ರೆ ಕೊಡುವುದು ತಪ್ಪು. ಟಿಪಿಒ ಪಾಸಿಟಿವ್ ಬಂದರೆ ವರ್ಷಕ್ಕೊಮ್ಮೆ ಟಿಎಸ್‌ಎಚ್ ನೋಡಿಸಿದರೆ ಸಾಕು, ಆದರೆ ಬಸಿರಾಗುವ ಯೋಚನೆಯಿದ್ದರೆ ವೈದ್ಯರಿಗೆ ಮೊದಲೇ ತಿಳಿಸಲೇಬೇಕು. ನೆಗೆಟಿವ್ ಬಂದ ಮಾತ್ರಕ್ಕೆ ಕಾಯಿಲೆ ಇಲ್ಲ ಎನ್ನಲಾಗದು. ಈ ಕಾಯಿಲೆಯಿರುವ ಸುಮಾರು ಹತ್ತರಲ್ಲಿ ಒಬ್ಬರಿಗೆ ಹಾಗಾಗುತ್ತದೆ, ಅಲ್ಲಿ ಸ್ಕ್ಯಾನ್‌ನ ಚಿತ್ರವೇ ಸುಳಿವು. ಮುಂದೆ ಮಾತ್ರೆ ಶುರುವಾದರೆ ಬರಿಹೊಟ್ಟೆಗೆ ನೀರಿನಲ್ಲಿ ನುಂಗಿ, ಬೆಳಗಿನ ಕಾಫಿಗೆ ಕನಿಷ್ಠ ಅರ್ಧ ಗಂಟೆ ಕಾಯಬೇಕು. ಕಾಫಿಯ ಜೊತೆಗೇ ನುಂಗಿದರೆ ಮದ್ದು ಸರಿಯಾಗಿ ಮೈಗೆ ಹತ್ತುವುದಿಲ್ಲ; ನಮ್ಮ ಜಿಲ್ಲೆಯಲ್ಲಿ ಇದನ್ನು ಒತ್ತಿ ಹೇಳಬೇಕು.

ಪ್ರಶ್ನೆ: ಸೊಸೆಗೆ ಹೆರಿಗೆಯಾಗಿ ಮೂರು ತಿಂಗಳು. ಎದೆ ಡವಗುಟ್ಟುತ್ತದೆ, ಟಿಎಸ್‌ಎಚ್ 0.01. ಡಾಪ್ಲರ್ (ರಕ್ತದ ಹರಿವು ತೋರಿಸುವ ಸ್ಕ್ಯಾನ್) ಏಕೆ ಬರೆದಿದ್ದಾರೆ?
– ಓದುಗರು, ವಿರಾಜಪೇಟೆ

ಉತ್ತರ: ಟಿಎಸ್‌ಎಚ್ ಇಷ್ಟು ತಗ್ಗಿದ್ದರೆ ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ಹೆಚ್ಚಿರಬಹುದು. ಅದಕ್ಕೆ ಕಾರಣ ಗ್ರೇವ್ಸ್ ಕಾಯಿಲೆಯೋ, ಹೆರಿಗೆಯ ನಂತರ ಬರುವ ಥೈರಾಯ್ಡೈಟಿಸ್ಸೋ ಎಂದು ಬೇರ್ಪಡಿಸಲು. ಗ್ರೇವ್ಸ್‌ನಲ್ಲಿ ಗ್ರಂಥಿಯೇ ಹೆಚ್ಚು ಹಾರ್ಮೋನ್ ತಯಾರಿಸುತ್ತದೆ, ಅದಕ್ಕೆ ರಕ್ತದ ಹರಿವು ಇಡೀ ಗ್ರಂಥಿಯಲ್ಲಿ ಜೋರಾಗಿ ಕಾಣುತ್ತದೆ. ಥೈರಾಯ್ಡೈಟಿಸ್‌ನಲ್ಲಿ ಕೂಡಿಟ್ಟ ಹಾರ್ಮೋನ್ ಸೋರುತ್ತದೆ ಅಷ್ಟೇ, ಹರಿವು ಕಡಿಮೆ. ಗ್ರೇವ್ಸ್‌ಗೆ ಕೊಡುವ ಮಾತ್ರೆ ಇದಕ್ಕೆ ಉಪಯೋಗವಿಲ್ಲ. ಹಾಲುಣಿಸುವ ತಾಯಿಗೆ ರೇಡಿಯೋ ಅಯೋಡಿನ್ ಸ್ಕ್ಯಾನ್ ಬೇಡವಾದ್ದರಿಂದ ಡಾಪ್ಲರ್ ಅನುಕೂಲ. ಪ್ರೋಬನ್ನು ಗಟ್ಟಿಯಾಗಿ ಒತ್ತಿದರೆ ಸಣ್ಣ ರಕ್ತನಾಳಗಳು ಅದುಮಿಹೋಗಿ ಹರಿವು ಇಲ್ಲದಂತೆ ಕಾಣುವುದುಂಟು. ಆದ್ದರಿಂದ ಟಿಎಸ್‌ಎಚ್ ರಿಸೆಪ್ಟರ್ ಆಂಟಿಬಾಡಿ (ಗ್ರೇವ್ಸ್‌ನಲ್ಲಿ ಗ್ರಂಥಿಯನ್ನು ಕೆರಳಿಸುವ ಪ್ರತಿಕಾಯ) ರಕ್ತಪರೀಕ್ಷೆಯನ್ನೂ ಮಾಡಿಸಿ. ಡಾಪ್ಲರ್‌ಗೆ ಉಪವಾಸ ಬೇಡ, ಕತ್ತಿನ ಸರ ತೆಗೆದರಾಯಿತು. ಮಗುವಿಗೆ ಹಾಲು ನಿಲ್ಲಿಸಬೇಕಿಲ್ಲ.