ನಿರುದ್ಯೋಗದ ಲೆಕ್ಕ ತಿಂಗಳಿಗೊಮ್ಮೆ ಬರುತ್ತದೆ, ಖಾಲಿ ಕೆಲಸದ ಲೆಕ್ಕ ಯಾಕೆ ಬರುವುದಿಲ್ಲ?

ನೀವು ಕೇಳಿರುವುದು ಇಷ್ಟು: ಪುಣೆ ಹತ್ತಿರದ ಕೈಗಾರಿಕಾ ಪ್ರದೇಶ ಚಾಕಣ್ ಕಡೆ ಹೋದರೆ ಗೇಟಿಗೊಂದು ‘ಕಾಮಗಾರ ಪಾಹಿಜೆ’ (ಕೆಲಸಗಾರರು ಬೇಕು) ಬೋರ್ಡು, ಅದೇ ರಸ್ತೆಯಲ್ಲಿ ಐಟಿಐ ಮುಗಿಸಿದ ನಮ್ಮ ಕಡೆಯ ಹುಡುಗರು ಫೈಲು ಹಿಡಿದುಕೊಂಡು ಅಲೆಯುತ್ತಾರೆ. ದೇಶದಲ್ಲಿ ಎಷ್ಟು ಕೆಲಸ ಖಾಲಿ ಇವೆ ಎಂದು ಯಾರಾದರೂ ಎಣಿಸುತ್ತಾರೆಯೇ? ಎಣಿಸಿದರೆ ಆ ಅಂಕಿ ಎಲ್ಲಿ ಸಿಗುತ್ತದೆ?

ಚೂರುಪಾರು ಲೆಕ್ಕಗಳಿವೆ. ತಿಂಗಳಿಗೋ ಮೂರು ತಿಂಗಳಿಗೋ ತಪ್ಪದೆ ಬರುವ, ಇಡೀ ದೇಶಕ್ಕೆ ಅನ್ವಯಿಸುವ ಲೆಕ್ಕ ಇಲ್ಲ. ನಾನು ಇಂಡಿ ತಾಲೂಕಿನವನು, ಬಹಳ ವರ್ಷಗಳಿಂದ ಪುಣೆಯ ಭೋಸರಿಯಲ್ಲಿ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಗಳ ಸಿಬ್ಬಂದಿ ವಿಭಾಗದಲ್ಲಿ ದುಡಿಯುತ್ತಿದ್ದೇನೆ. ಜನರನ್ನು ತೆಗೆದುಕೊಳ್ಳುವುದು, ಸರಕಾರಕ್ಕೆ ರಿಟರ್ನ್ ತುಂಬುವುದು ಎರಡೂ ನನ್ನ ಮೇಜಿನ ಮೇಲೇ ನಡೆಯುತ್ತವೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಪತ್ರಿಕೆಯಲ್ಲಿ ಬರುವ ನಿರುದ್ಯೋಗ ಪ್ರಮಾಣ ಪಿಎಲ್‌ಎಫ್‌ಎಸ್ ಎಂಬ ಕೇಂದ್ರ ಸರಕಾರದ ಸಮೀಕ್ಷೆಯದು. 2017ರ ಏಪ್ರಿಲ್‌ನಲ್ಲಿ ಶುರುವಾಯಿತು, 2025ರಿಂದ ತಿಂಗಳ ಅಂಕಿಗಳೂ ಬರುತ್ತಿವೆ. ಆ ಸಮೀಕ್ಷೆಯವರು ಬಾಗಿಲು ತಟ್ಟುವುದು ಮನೆಗಳದ್ದು. ಕಳೆದ ವಾರ ಏನು ಕೆಲಸ ಮಾಡಿದಿರಿ, ಮಾಡದಿದ್ದರೆ ಹುಡುಕಿದಿರಾ ಎಂದು ಮನೆಯವರನ್ನು ಕೇಳಬಹುದು. ಬೀದಿಯ ಆಚೆಗಿರುವ ಕಾರ್ಖಾನೆಯಲ್ಲಿ ಎಷ್ಟು ಮಂದಿ ಬೇಕಾಗಿದ್ದಾರೆ ಎಂದು ಅವರನ್ನು ಕೇಳಿ ಪ್ರಯೋಜನವಿಲ್ಲ. ಖಾಲಿ ಕೆಲಸದ ಸುದ್ದಿ ಇರುವುದು ಕೆಲಸ ಕೊಡುವವನ ತಲೆಯಲ್ಲಿ. ಅದಕ್ಕೆ ಬೇರೆ ಸಮೀಕ್ಷೆ ಬೇಕು, ಬೇರೆ ವಿಳಾಸಗಳ ಪಟ್ಟಿ ಬೇಕು, ಬೇರೆ ಪ್ರಶ್ನೆಗಳು ಬೇಕು. ನಮ್ಮಲ್ಲಿ ಒಂದು ಕಡೆಯ ಲೆಕ್ಕವನ್ನು ಗಟ್ಟಿಯಾಗಿ ಕಟ್ಟಿದರು, ಇನ್ನೊಂದು ಕಡೆಯದನ್ನು ಕಟ್ಟಲಿಲ್ಲ.

ಕಟ್ಟುವುದು ಸುಲಭವೂ ಅಲ್ಲ. ಖಾಲಿ ಕೆಲಸ ಎಂದರೆ ಏನು ಎನ್ನುವುದೇ ಮೊದಲ ತೊಡಕು. ಅಮೆರಿಕದಲ್ಲಿ 2000ದ ಡಿಸೆಂಬರ್‌ನಿಂದ ಜೋಲ್ಟ್ಸ್ ಎಂಬ ಮಾಸಿಕ ಸಮೀಕ್ಷೆ ನಡೆಯುತ್ತಿದೆ, ಸುಮಾರು 21 ಸಾವಿರ ಸಂಸ್ಥೆಗಳನ್ನು ಕೇಳುತ್ತಾರೆ. ಅವರ ನಿಯಮ ಬಹಳ ಬಿಗಿ. ತಿಂಗಳ ಕೊನೆಯ ಕೆಲಸದ ದಿನದಂದು ನಿಜವಾಗಿಯೂ ಒಂದು ಜಾಗ ಇರಬೇಕು, ಆ ಜಾಗಕ್ಕೆ ಮಾಡುವ ಕೆಲಸವೂ ಇರಬೇಕು. ಮನುಷ್ಯ ಸಿಕ್ಕರೆ 30 ದಿನದೊಳಗೆ ಕೆಲಸ ಶುರು ಮಾಡುವಂತಿರಬೇಕು. ಸಂಸ್ಥೆ ಹೊರಗಿನಿಂದ ಜನರನ್ನು ಹುಡುಕುತ್ತಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಅದು ಲೆಕ್ಕಕ್ಕಿಲ್ಲ. ಯುರೋಪಿನ ಒಕ್ಕೂಟದಲ್ಲಿ 2008ರ ನಿಯಮದ ಪ್ರಕಾರ ಮೂರು ತಿಂಗಳಿಗೊಮ್ಮೆ ಎಣಿಸುತ್ತಾರೆ, ವ್ಯಾಖ್ಯೆ ಹೆಚ್ಚುಕಡಿಮೆ ಇಂಥದ್ದೇ.

ಈಗ ನೀವು ನೋಡಿದ ಬೋರ್ಡುಗಳನ್ನು ಈ ಜರಡಿಗೆ ಹಾಕಿ. ಬಹಳಷ್ಟು ಬೋರ್ಡುಗಳು ವರ್ಷವಿಡೀ ಗೇಟಿನಲ್ಲೇ ಇರುತ್ತವೆ. ಇವತ್ತು ಜಾಗ ಇದೆಯೆಂದು ಹಾಕಿದ್ದಲ್ಲ, ಹೆಸರು ಬರೆಸಿಟ್ಟುಕೊಂಡರೆ ನಾಳೆ ಯಾರಾದರೂ ಬಿಟ್ಟು ಹೋದಾಗ ಫೋನ್ ಮಾಡಬಹುದು ಎಂದು ಹಾಕಿದ್ದು. ವಾಚ್‌ಮನ್ ನಿಮ್ಮ ಬಯೊಡಾಟಾ ಇಸಿದುಕೊಂಡು ಕಳಿಸಿದನೆಂದರೆ ಅಲ್ಲಿ ಖಾಲಿ ಇತ್ತೆಂದು ಅರ್ಥವಲ್ಲ. ಇದಕ್ಕೆ ಉಲ್ಟಾ ಕೂಡ ನಡೆಯುತ್ತದೆ. ಟೂಲ್‌ರೂಮಿಗೆ ಒಬ್ಬ ಒಳ್ಳೆ ಡೈ ಫಿಟ್ಟರ್ (ಅಚ್ಚುಗಳನ್ನು ಜೋಡಿಸಿ ಸರಿಪಡಿಸುವವನು) ಬೇಕು ಎಂದು ತಿಂಗಳುಗಟ್ಟಲೆ ಒದ್ದಾಡುತ್ತಿರುತ್ತೇವೆ, ಎಲ್ಲಿಯೂ ಬೋರ್ಡಿಲ್ಲ, ಜಾಹೀರಾತಿಲ್ಲ, ಬರೀ ಒಬ್ಬರಿಂದ ಒಬ್ಬರಿಗೆ ಹೇಳಿಸುವುದು. ಬೋರ್ಡು ಎಣಿಸಿದವನಿಗೆ ಮೊದಲನೆಯದು ಕಾಣುತ್ತದೆ, ಎರಡನೆಯದು ಕಾಣುವುದಿಲ್ಲ. ಸರಿಯಾದ ಪ್ರಶ್ನೆ ಇರುವ ಸಮೀಕ್ಷೆ ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಹಿಡಿಯುತ್ತದೆ.

ಇನ್ನು ಠೇಕೇದಾರರ (ಗುತ್ತಿಗೆದಾರರ) ವಿಷಯ. ಈ ಕೈಗಾರಿಕಾ ಪ್ರದೇಶದಲ್ಲಿ ಹೆಲ್ಪರ್, ಪ್ಯಾಕಿಂಗ್, ಲೋಡಿಂಗ್, ಎಷ್ಟೋ ಕಡೆ ಆಪರೇಟರ್ ಕೂಡ ಕಂಪನಿಯ ಮಸ್ಟರ್‌ನಲ್ಲಿ (ಹಾಜರಿ ಪುಸ್ತಕದಲ್ಲಿ) ಇರುವುದಿಲ್ಲ, ಠೇಕೇದಾರನ ಮಸ್ಟರ್‌ನಲ್ಲಿ ಇರುತ್ತಾರೆ. ನಾಳೆ 20 ಜನ ಬೇಕು ಎಂದು ನಾವು ಅವನಿಗೆ ಹೇಳುತ್ತೇವೆ. ಆ 20 ಖಾಲಿ ಜಾಗ ಯಾರವು? ಜೋಲ್ಟ್ಸ್ ಲೆಕ್ಕದಲ್ಲಿ ಅವು ನಮ್ಮವಲ್ಲ, ಜನ ಒದಗಿಸುವ ಏಜೆನ್ಸಿಯವು. ನಿಯಮವಾಗಿ ಸರಿಯೇ, ಇಲ್ಲದಿದ್ದರೆ ಒಂದೇ ಕೆಲಸ ಎರಡು ಸಲ ಎಣಿಕೆಯಾಗುತ್ತದೆ. ಆದರೆ ನಮ್ಮ ಕಡೆಯ ಠೇಕೇದಾರನ ಆಫೀಸೆಂದರೆ ಎಷ್ಟೋ ಸಲ ಒಂದು ಕೋಣೆ, ಎರಡು ಫೋನು. ಸಮೀಕ್ಷೆಯ ವಿಳಾಸ ಪಟ್ಟಿಯಲ್ಲಿ ಆ ಕೋಣೆ ಇಲ್ಲದಿದ್ದರೆ 20 ಜಾಗವೂ ಗಾಳಿಗೆ ಹೋದವು. ಭಾರತದಲ್ಲಿ ಖಾಲಿ ಕೆಲಸದ ಲೆಕ್ಕ ಹಿಡಿಯುವವರು ಎಲ್ಲಕ್ಕಿಂತ ಮೊದಲು ಬಿಡಿಸಬೇಕಾದ ಗಂಟು ಇದೇ ಎಂದು ನನ್ನ ಗಟ್ಟಿ ಅಭಿಪ್ರಾಯ.

ಜನ ಸಾಮಾನ್ಯವಾಗಿ ಗಮನಿಸದ ಇನ್ನೊಂದು ಸಂಗತಿ ಇದೆ, ಸ್ವಲ್ಪ ತಾಳ್ಮೆಯಿಂದ ಓದಿ. ಸಮೀಕ್ಷೆ ಎಣಿಸುವುದು ಒಂದು ದಿನದ ಸ್ಥಿತಿಯನ್ನು. ಒಂದು ಕಾರ್ಖಾನೆಗೆ ತಿಂಗಳಿಗೆ ನಾಲ್ಕು ಹೆಲ್ಪರ್ ಜಾಗ ಖಾಲಿಯಾಗುತ್ತವೆ, ಪ್ರತಿಯೊಂದೂ ಒಂದು ವಾರದಲ್ಲಿ ತುಂಬುತ್ತದೆ ಎಂದುಕೊಳ್ಳಿ. ಯಾವ ದಿನ ಹೋಗಿ ನೋಡಿದರೂ ಸರಾಸರಿ ಒಂದು ಜಾಗ ಖಾಲಿ ಕಾಣುತ್ತದೆ. ಪಕ್ಕದ ಕಾರ್ಖಾನೆಯಲ್ಲಿ ಒಂದೇ ಒಂದು ಡೈ ಫಿಟ್ಟರ್ ಜಾಗ ಆರು ತಿಂಗಳಿಂದ ತುಂಬಿಲ್ಲ. ಅಲ್ಲಿಯೂ ಒಂದು. ಕಾಗದದ ಮೇಲೆ ಎರಡೂ ಒಂದೇ, ಕೆಲಸ ಹುಡುಕುವವನಿಗೆ ಮಾತ್ರ ಅಜಗಜಾಂತರ. ಮೊದಲನೆಯದು ತಿಂಗಳಿಗೆ ನಾಲ್ಕು ಜನರಿಗೆ ಅನ್ನ ಕೊಡುತ್ತದೆ, ಎರಡನೆಯದು ಆರು ತಿಂಗಳಲ್ಲಿ ಒಬ್ಬರಿಗೂ ಕೊಟ್ಟಿಲ್ಲ, ಆದರೆ ಯಾವ ಕಸುಬು ಕಲಿತರೆ ಬೆಲೆ ಇದೆ ಎಂದು ಹೇಳುತ್ತದೆ. ಅದಕ್ಕೇ ಜೋಲ್ಟ್ಸ್‌ನಲ್ಲಿ ಖಾಲಿ ಜಾಗದ ಜೊತೆಗೆ ಆ ತಿಂಗಳು ಎಷ್ಟು ಜನ ಸೇರಿದರು, ಎಷ್ಟು ಜನ ತಾವಾಗಿ ಬಿಟ್ಟರು, ಎಷ್ಟು ಜನರನ್ನು ತೆಗೆದರು ಎಂದೂ ಕೇಳುತ್ತಾರೆ. ಇವು ಇಲ್ಲದ ಖಾಲಿ ಜಾಗದ ಅಂಕಿ ಅರ್ಧ ಸುದ್ದಿ.

ಪುಣೆಯ ಹೋಟೆಲುಗಳನ್ನೇ ನೋಡಿ. ಕುಂದಾಪುರ, ಉಡುಪಿ ಕಡೆಯ ಮಾಲೀಕರು ಬೆಳಿಗ್ಗೆ ಸಪ್ಲೈಯರ್ ಹುಡುಗ ಬಿಟ್ಟು ಹೋದರೆ ಮಧ್ಯಾಹ್ನದೊಳಗೆ ಊರಿಗೆ ಫೋನ್ ಮಾಡಿರುತ್ತಾರೆ, ರಾತ್ರಿ ಬಸ್ಸಿಗೆ ಇನ್ನೊಬ್ಬ ಹತ್ತಿರುತ್ತಾನೆ. ದಿನಗೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ಮಜೂರ್ ಅಡ್ಡಾಗಳಲ್ಲಂತೂ ಯಾದಗಿರಿ, ಕಲಬುರಗಿಯಿಂದ ಬಂದವರು ಬೆಳಿಗ್ಗೆ ನಿಂತಿರುತ್ತಾರೆ, ಒಂದು ಕೆಲಸದ ಖಾಲಿತನದ ಆಯಸ್ಸು ಅಲ್ಲಿ ಒಂದೆರಡು ತಾಸು. ತಿಂಗಳ ಕೊನೆಯ ದಿನದ ಲೆಕ್ಕಕ್ಕೆ ಇದು ಸಿಗುವುದು ಕಷ್ಟ. ಇಲ್ಲಿ ಕೂಲಿಯ ದರವನ್ನೇ ನೋಡಬೇಕು, ಖಾಲಿ ಜಾಗವನ್ನಲ್ಲ.

ಸರಿ, ನಮ್ಮ ದೇಶದಲ್ಲಿ ಇರುವುದೇನು? 1959ರಲ್ಲೇ ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ಕಡ್ಡಾಯವಾಗಿ ತಿಳಿಸುವ ಕಾಯ್ದೆ ಬಂತು. ಸರಕಾರಿ ವಲಯದ ಎಲ್ಲ ಸಂಸ್ಥೆಗಳೂ, 25 ಅಥವಾ ಹೆಚ್ಚು ಜನರಿರುವ ಖಾಸಗಿ ಸಂಸ್ಥೆಗಳೂ ತಿಳಿಸಬೇಕಿತ್ತು. ಆ ಕೇಂದ್ರದ ಮೂಲಕವೇ ತುಂಬಬೇಕೆಂದಿರಲಿಲ್ಲ, ತಿಳಿಸಿದರೆ ಸಾಕಿತ್ತು. ಮೂರು ತಿಂಗಳಿಗೊಮ್ಮೆ ಇಆರ್-1 ಎಂಬ ರಿಟರ್ನ್. ಎಷ್ಟು ಜನ ಇದ್ದಾರೆ, ಎಷ್ಟು ಜಾಗ ಖಾಲಿಯಾದವು, ಎಷ್ಟನ್ನು ತಿಳಿಸಿದಿರಿ, ಎಷ್ಟು ತುಂಬಿದವು ಎಂದು ಅದರಲ್ಲಿ ಕಲಂಗಳಿದ್ದವು. ಯೋಗ್ಯ ಅಭ್ಯರ್ಥಿ ಸಿಗದೆ ಯಾವ ಹುದ್ದೆ ಉಳಿದಿದೆ ಎಂದು ಕೇಳುವ ಕಲಮೂ ಇತ್ತು. ಆ ಫಾರ್ಮನ್ನು ಮೊದಲ ಸಲ ಪೂರ್ತಿ ಓದಿದಾಗ ಯಾರು ಇಷ್ಟು ಯೋಚಿಸಿ ಬರೆದರೋ ಎಂದು ಗೌರವ ಹುಟ್ಟಿತ್ತು. ಆಚರಣೆ ಬೇರೆ. ನಾನು ಕಂಡ ಹೆಚ್ಚಿನ ಕಡೆ ಖಾಲಿ ಹುದ್ದೆಯ ಕಲಂನಲ್ಲಿ ಸೊನ್ನೆ ಬೀಳುತ್ತಿತ್ತು. ಬರೆದರೆ ಪತ್ರವ್ಯವಹಾರ ಹೆಚ್ಚು, ಬರೆಯದಿದ್ದರೆ ಕೇಳುವವರಿಲ್ಲ. ಹುದ್ದೆ ತಿಳಿಸದಿದ್ದಕ್ಕೆ ಕಾಯ್ದೆ ಇಟ್ಟಿದ್ದ ದಂಡ ಮೊದಲ ಸಲಕ್ಕೆ ಗರಿಷ್ಠ 500 ರೂಪಾಯಿ, ಆಮೇಲೆ 1000. ಮೂರು ತಿಂಗಳಿಗಿಂತ ಕಡಿಮೆ ಅವಧಿಯ ಕೆಲಸಕ್ಕೂ, ಖಾಸಗಿ ಕೃಷಿಗೂ, ಮನೆಗೆಲಸಕ್ಕೂ ಕಾಯ್ದೆ ಅನ್ವಯಿಸುತ್ತಲೇ ಇರಲಿಲ್ಲ. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಈಗ ಈ ವ್ಯವಸ್ಥೆ ಸೇರಿದೆ, ವಿನಿಮಯ ಕೇಂದ್ರದ ಜಾಗದಲ್ಲಿ ಕರಿಯರ್ ಸೆಂಟರ್ ಎಂಬ ಹೆಸರಿದೆ. ದಂಡದ ಹೆದರಿಕೆಯಿಂದ ತುಂಬುವ ರಿಟರ್ನಿಗೂ, ಹೆಸರು ಹೊರಗೆ ಬರುವುದಿಲ್ಲ ಎಂಬ ಭರವಸೆ ಕೊಟ್ಟು ಕೇಳುವ ಸಮೀಕ್ಷೆಗೂ ಬಹಳ ವ್ಯತ್ಯಾಸವಿದೆ. ಎರಡನೆಯದಕ್ಕೆ ಜನ ನಿಜ ಹೇಳುತ್ತಾರೆ.

ಅಂಥ ಸಮೀಕ್ಷೆಯೂ ಒಮ್ಮೆ ಬಂದಿತ್ತು. ಕಾರ್ಮಿಕ ಬ್ಯೂರೊ 2021ರ ಏಪ್ರಿಲ್‌ನಿಂದ ಸಂಸ್ಥೆಗಳ ತ್ರೈಮಾಸಿಕ ಸಮೀಕ್ಷೆ ಶುರು ಮಾಡಿತು. 10 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳು, ಒಂಬತ್ತು ವಲಯಗಳು: ಉತ್ಪಾದನೆ, ಕಟ್ಟಡ ನಿರ್ಮಾಣ, ವ್ಯಾಪಾರ, ಸಾರಿಗೆ, ಶಿಕ್ಷಣ, ಆರೋಗ್ಯ, ಹೋಟೆಲು-ವಸತಿ, ಐಟಿ, ಹಣಕಾಸು. ಖಾಲಿ ಹುದ್ದೆಗಳ ಬಗ್ಗೆಯೂ ಕೇಳಿದರು. ಪತ್ರಿಕೆಗಳು ಎತ್ತಿಕೊಂಡದ್ದು ಮಾತ್ರ ಒಟ್ಟು ಉದ್ಯೋಗದ ಅಂಕಿಯನ್ನು: ಮೊದಲ ಸುತ್ತಿನಲ್ಲಿ 3.08 ಕೋಟಿ, 2022ರ ಜನವರಿ-ಮಾರ್ಚ್‌ನ ನಾಲ್ಕನೇ ಸುತ್ತಿನಲ್ಲಿ 3.18 ಕೋಟಿ. ವಿಳಾಸ ಪಟ್ಟಿ ತೆಗೆದುಕೊಂಡದ್ದು 2013-14ರ ಆರನೇ ಆರ್ಥಿಕ ಗಣತಿಯಿಂದ. ಅಂದರೆ ಆಮೇಲೆ ಹುಟ್ಟಿದ ಕಾರ್ಖಾನೆ ಆ ಪಟ್ಟಿಯಲ್ಲಿಲ್ಲ. ಚಾಕಣ್, ರಾಂಜಣಗಾಂವ್ ಕಡೆ ಆ ನಂತರ ಎಷ್ಟು ಶೆಡ್ಡುಗಳು ಎದ್ದವೆಂದು ನೀವೇ ಕಂಡಿದ್ದೀರಿ. ಹೊಸ ಸಂಸ್ಥೆಗಳಲ್ಲೇ ಭರ್ತಿ ಜೋರು ಇರುವುದು. ಹಳೆಯ ಪಟ್ಟಿ ಹಿಡಿದು ಹೊರಟವರಿಗೆ ಖಾಲಿ ಜಾಗ ಇರುವುದಕ್ಕಿಂತ ಕಡಿಮೆ ಕಾಣುವುದು ಸಹಜ.

‘ಸರಕಾರದಲ್ಲೇ ಲಕ್ಷಗಟ್ಟಲೆ ಖಾಲಿ ಇವೆಯಲ್ಲ’ ಎಂದು ಬರೆದಿದ್ದೀರಿ. ನಿಜ, 2021ರ ಮಾರ್ಚ್ 1ಕ್ಕೆ ಕೇಂದ್ರ ಸರಕಾರದ ಇಲಾಖೆಗಳಲ್ಲಿ ಮಂಜೂರಾದ 40.35 ಲಕ್ಷ ಹುದ್ದೆಗಳ ಪೈಕಿ 9.79 ಲಕ್ಷ ಖಾಲಿ ಇವೆ ಎಂದು ಸಂಸತ್ತಿಗೇ ತಿಳಿಸಿದ್ದಾರೆ. ಆದರೆ ಅದು ಮಂಜೂರಾತಿಯಿಂದ ಭರ್ತಿಯನ್ನು ಕಳೆದ ಲೆಕ್ಕ. ಅಧಿಸೂಚನೆ ಹೊರಡದ ಹುದ್ದೆಗೆ ಯಾರೂ ಅರ್ಜಿ ಹಾಕುವಂತಿಲ್ಲ, ಹಾಗಾಗಿ ಸಮೀಕ್ಷೆಯ ವ್ಯಾಖ್ಯೆಯಲ್ಲಿ ಅದರ ದೊಡ್ಡ ಭಾಗ ಖಾಲಿ ಹುದ್ದೆಯೇ ಅಲ್ಲ. ಈ ಅಂಕಿ ನಂಬಿ ವಯಸ್ಸು ಕಳೆದುಕೊಂಡ ಹುಡುಗರನ್ನು ನಮ್ಮೂರಲ್ಲಿ ನೋಡಿ ನೋಡಿ ಹೊಟ್ಟೆ ಉರಿದಿದೆ. ಮಂಜೂರಾದದ್ದು ಎಷ್ಟು, ಇವತ್ತು ಅರ್ಜಿ ಕರೆದಿರುವುದು ಎಷ್ಟು ಎಂದು ಎರಡು ಬೇರೆ ಸಾಲುಗಳಲ್ಲಿ ಹೇಳಿದರೆ ಸಾಕಿತ್ತು.

ನೌಕ್ರಿಯಂಥ ಜಾಲತಾಣಗಳ ಸೂಚ್ಯಂಕ ಆಫೀಸು ಕೆಲಸದ ಬಿಸಿ ಎಷ್ಟಿದೆ ಎಂದು ಹೇಳುತ್ತದೆ. ಫಿಟ್ಟರ್, ಟರ್ನರ್‌ಗಳಿಗೆ ಅದರಿಂದ ತಿಳಿಯುವುದು ಕಡಿಮೆ.

ಖಾಲಿ ಜಾಗವೂ ಇದೆ, ನಿರುದ್ಯೋಗವೂ ಇದೆ, ಇದು ಹೇಗೆ ಎಂಬ ನಿಮ್ಮ ಗೊಂದಲ ಹಳೆಯದು. ವಿಲಿಯಂ ಬೆವರಿಜ್ ಎಂಬ ಅರ್ಥಶಾಸ್ತ್ರಜ್ಞನ ಹೆಸರಿನ ರೇಖೆಯೊಂದಿದೆ (ಆತ ಹುಟ್ಟಿದ್ದು 1879ರಲ್ಲಿ ರಂಗ್‌ಪುರದಲ್ಲಿ, ಅಂದಿನ ಬಂಗಾಳ). ಒಂದು ಅಕ್ಷದಲ್ಲಿ ನಿರುದ್ಯೋಗ, ಇನ್ನೊಂದರಲ್ಲಿ ಖಾಲಿ ಹುದ್ದೆಯ ಪ್ರಮಾಣ. ಆ ಪ್ರಮಾಣ ಎಂದರೆ ಖಾಲಿ ಜಾಗವನ್ನು, ತುಂಬಿದ ಮತ್ತು ಖಾಲಿ ಜಾಗಗಳ ಮೊತ್ತದಿಂದ ಭಾಗಿಸುವುದು. 190 ಜನರಿದ್ದು 10 ಜಾಗ ಖಾಲಿ ಇದ್ದರೆ ಶೇ. 5. ಆರ್ಥಿಕತೆ ಚೆನ್ನಾಗಿದ್ದಾಗ ಖಾಲಿ ಜಾಗ ಏರಿ ನಿರುದ್ಯೋಗ ಇಳಿಯುತ್ತದೆ, ಕೆಟ್ಟಾಗ ಉಲ್ಟಾ. ಎರಡೂ ಒಟ್ಟಿಗೆ ಏರಿದರೆ ಕೆಲಸ ಇರುವ ಊರು ಬೇರೆ, ಜನ ಇರುವ ಊರು ಬೇರೆ, ಕಲಿತದ್ದು ಬೇರೆ, ಬೇಕಾದದ್ದು ಬೇರೆ ಎಂದು ತಿಳಿಯಬೇಕು. ಚಾಕಣ್‌ನಲ್ಲಿ ಇನ್ನೊಂದು ಕಾರಣವನ್ನೂ ಸೇರಿಸುತ್ತೇನೆ: ಕೊಡುವ ಸಂಬಳದಲ್ಲಿ ಕೋಣೆ ಬಾಡಿಗೆ, ಊಟ ಕಳೆದು ಊರಿಗೆ ಕಳಿಸಲು ಏನೂ ಉಳಿಯದಿದ್ದರೆ ಜಾಗ ಖಾಲಿಯೇ ಉಳಿಯುತ್ತದೆ. ಅದನ್ನು ಜನರ ಕೊರತೆ ಎನ್ನುವುದು ಅನ್ಯಾಯ. ನಮ್ಮಲ್ಲಿ ಒಂದು ಅಕ್ಷದ ಅಂಕಿ ಮಾತ್ರ ಇರುವುದರಿಂದ ಇಲ್ಲಿ ಯಾವ ಕಾರಣ ಎಷ್ಟು ಎಂದು ಬಿಡಿಸಿ ಹೇಳಲಾಗುವುದಿಲ್ಲ, ಆದ್ದರಿಂದ ಪ್ರತಿಯೊಬ್ಬರೂ ತಮಗೆ ಬೇಕಾದ ಕಾರಣವನ್ನು ಹೇಳುತ್ತಾರೆ.

ಒಮ್ಮೆ ಎಣಿಸಿ ಬಿಟ್ಟರೂ ಆಗುವುದಿಲ್ಲ. ಪಂಚಮಿಗೆ, ಊರ ಜಾತ್ರೆಗೆ ನಮ್ಮ ಕಡೆಯ ಹುಡುಗರು ಹೊರಟರೆ ಕಾರ್ಖಾನೆಯಲ್ಲಿ ಜಾಗಗಳು ತೆರೆದುಕೊಳ್ಳುತ್ತವೆ, ದೀಪಾವಳಿಗೆ ಮುಂಚೆ ಉತ್ಪಾದನೆ ಏರಿದಾಗ ಮತ್ತೆ. ಇಂಥ ಋತುಮಾನದ ಏರಿಳಿತ ಕಳೆಯಲು ಹಲವು ವರ್ಷಗಳ ಸರಣಿ ಬೇಕು. ಆಸ್ಟ್ರೇಲಿಯಾದವರು 1979ರಿಂದ ನಡೆಸುತ್ತಿದ್ದ ಸಮೀಕ್ಷೆಯನ್ನು 2008ರಲ್ಲಿ ಖರ್ಚು ಉಳಿಸಲೆಂದು ನಿಲ್ಲಿಸಿ ಮುಂದಿನ ವರ್ಷದ ಕೊನೆಗೆ ಮತ್ತೆ ಶುರು ಮಾಡಿದರು. ಜಗತ್ತಿನ ಹಣಕಾಸು ಕುಸಿದ ಅವಧಿಯ ಐದು ತ್ರೈಮಾಸಿಕಗಳ ಅಂಕಿಯೇ ಅವರ ಬಳಿ ಇಲ್ಲ.

ನನ್ನ ಮೇಜಿಗೆ ಬರಬೇಕೆಂದು ನಾನು ಬಯಸುವ ಫಾರ್ಮು ಒಂದೇ ಪುಟದ್ದು. ತಿಂಗಳ ಕೊನೆಯ ದಿನ ಮಸ್ಟರ್‌ನಲ್ಲಿ ಎಷ್ಟು ಜನ, ಠೇಕೆಯಲ್ಲಿ ಎಷ್ಟು. ಹೊರಗಿನಿಂದ ಹುಡುಕುತ್ತಿರುವ ಜಾಗ ಎಷ್ಟು, ಯಾವ ಕಸುಬಿನವು, ಎಷ್ಟು ಸಂಬಳಕ್ಕೆ, ಎಷ್ಟು ದಿನದಿಂದ. ಆ ತಿಂಗಳು ಸೇರಿದವರು, ಬಿಟ್ಟವರು. ಠೇಕೇದಾರನ ಹೆಸರು, ವಿಳಾಸ, ಅವನಿಗೂ ಇದೇ ಫಾರ್ಮು. ಇದನ್ನು ತುಂಬಲು ಅರ್ಧ ತಾಸು ಸಾಕು, ಇದರಲ್ಲಿನ ಎಲ್ಲವೂ ಈಗಾಗಲೇ ನಮ್ಮ ಕಂಪ್ಯೂಟರಿನಲ್ಲಿದೆ. ಜಿಲ್ಲಾವಾರು ಅಂಕಿ ಹೊರಬಂದರೆ ಇಂಡಿಯ ಐಟಿಐನಲ್ಲಿ ಯಾವ ಟ್ರೇಡ್ ಆರಿಸಲಿ ಎಂದು ಕೇಳುವ ಹುಡುಗನಿಗೆ ಪುಣೆ ಜಿಲ್ಲೆಯಲ್ಲಿ ಮೂರು ತಿಂಗಳು ಮೀರಿ ತುಂಬದೆ ಉಳಿದ ಜಾಗಗಳು ಯಾವ ಕಸುಬಿನವು, ಎಷ್ಟು ಸಂಬಳದವು ಎಂದು ತೋರಿಸಬಹುದು.